ಬಿನ್ ಯಾರು, ಕೋಂ ಯಾರು?

ಪ್ರಶ್ನೆ: ನಮ್ಮ ಅಜ್ಜನ ಊರು ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿತಂತೆ. ಅಜ್ಜ ಈಗಿಲ್ಲ, ಅಜ್ಜಿಗೆ 86. ಮನೆತನದ ವಂಶವೃಕ್ಷ ಬರೆಯೋಣ ಅಂತ ಕೂತರೆ ಮುತ್ತಜ್ಜನ ಹೆಸರಿಗೇ ನಿಂತುಹೋಗುತ್ತದೆ. ನಾಡಕಚೇರಿಯಲ್ಲಿ ವಂಶವೃಕ್ಷ ಕೊಡ್ತಾರಲ್ಲ, ಅದು ಸಾಕಾಗಲ್ವಾ? (ಓದುಗರು, ಶಿವಮೊಗ್ಗ)

ಉತ್ತರ: ಸಾಕಾಗಲ್ಲ. ಅದು ಪೌತಿ ಖಾತೆಗೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ), ಆಸ್ತಿ ಪಾಲಿಗೆ ಬೇಕಾದ ಕಾಗದ. ತೀರಿಕೊಂಡವರ ವಾರಸುದಾರರು ಯಾರು ಅಂತ ಹೇಳಿ ಮುಗಿಸುತ್ತದೆ. ಕಚೇರಿ ನಾಳೆಯೂ ಇರುತ್ತದೆ, ನೀವು ಇವತ್ತು ಸಂಜೆ ಅಜ್ಜಿ ಹತ್ರ ಕೂತುಕೊಳ್ಳಿ. ‘ಮುತ್ತಜ್ಜನ ಅಪ್ಪನ ಹೆಸರೇನು’ ಅಂತ ಪರೀಕ್ಷೆ ಥರ ಕೇಳಿದರೆ ‘ಗೊತ್ತಿಲ್ಲ ಮಾರಾಯ’ ಅಂದುಬಿಡುತ್ತಾರೆ. ನಿಮ್ಮ ಮದುವೆ ದಿಬ್ಬಣ ಯಾವ ದಾರಿಯಲ್ಲಿ ಬಂತು, ಹೊಳೆ ಹೇಗೆ ದಾಟಿದಿರಿ, ಅಡುಗೆಗೆ ಯಾರು ನಿಂತಿದ್ದರು ಅಂತ ಕೇಳಿ, ಹೆಸರುಗಳು ತಾವಾಗಿಯೇ ಬರುತ್ತವೆ. ನಮ್ಮ ದೊಡ್ಡಮ್ಮ ಏನು ಕೇಳಿದರೂ ಬಾಯಿ ಬಿಡದವರು, ಒಂದು ದಿನ ಅಡಿಕೆ ಸುಲಿಯುತ್ತಾ ಕೂತಾಗ ಅವರ ತವರಿನ ಆರು ಜನ ಹೆಂಗಸರ ಹೆಸರು, ಅವರನ್ನು ಕೊಟ್ಟ ಊರು ಎಲ್ಲ ಹೇಳಿಬಿಟ್ಟರು. ನನ್ನ ಹತ್ರ ಪೆನ್ನಿರಲಿಲ್ಲ!

ಇಸವಿ ಅಜ್ಜಿಗೆ ನೆನಪಿರಲಿಕ್ಕಿಲ್ಲ. ಊರು ಬಿಟ್ಟ ವರ್ಷ ಮಾತ್ರ ಯಾರೂ ಮರೆಯಲ್ಲ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದನ್ನೇ ಗೂಟ ಮಾಡಿಕೊಂಡು, ನಿಮ್ಮ ಅಪ್ಪ ಆಗ ಹುಟ್ಟಿದ್ದರಾ, ಎತ್ತಿಕೊಂಡು ಬಂದ್ರಾ, ನಡೆದುಕೊಂಡು ಬಂದರಾ ಅಂತ ಹಿಂದೆ ಮುಂದೆ ಲೆಕ್ಕ ಹಾಕಿ.

ಆಮೇಲೆ ಕಾಗದ. ಹಳೆ ಪಹಣಿ, ಮ್ಯುಟೇಷನ್, ಶಾಲೆಯ ದಾಖಲಾತಿ ಪುಸ್ತಕ, ಗೇಣಿ ಭೂಮಿಯಾಗಿದ್ದರೆ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗೆ ಕೊಟ್ಟ 7ನೇ ನಮೂನೆ ಅರ್ಜಿ. ‘ಮಂಜಪ್ಪ ಬಿನ್ ತಿಮ್ಮಪ್ಪ’ ಅಂತಿದ್ದರೆ ತಿಮ್ಮಪ್ಪನ ಮಗ, ‘ಗೌರಮ್ಮ ಕೋಂ ಮಂಜಪ್ಪ’ ಅಂತಿದ್ದರೆ ಮಂಜಪ್ಪನ ಹೆಂಡತಿ. ಎಡವುವುದು ಇಲ್ಲೇ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿ ಅಲ್ವಾ, ಹಾಗಾಗಿ ತಿಮ್ಮಪ್ಪನ ಮಗ ಮಂಜಪ್ಪ, ಅವನ ಮಗ ಮತ್ತೆ ತಿಮ್ಮಪ್ಪ, ಅವನ ಮಗ ಮತ್ತೆ ಮಂಜಪ್ಪ. ಇಬ್ಬರು ಮಂಜಪ್ಪರೂ ‘ಬಿನ್ ತಿಮ್ಮಪ್ಪ’! ಹೆಂಡತಿಯ ಹೆಸರು, ಸರ್ವೆ ನಂಬರು ಇಲ್ಲದೆ ಅವರನ್ನು ಬೇರೆ ಮಾಡಕ್ಕಾಗಲ್ಲ. ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆದ ವಂಶವೃಕ್ಷ ನನಗಂತೂ ಅರ್ಧ ಮರ. ಶ್ರಾದ್ಧ ಮಾಡುವ ಮನೆಯಾಗಿದ್ದರೆ ಪುರೋಹಿತರು ಮೂರು ತಲೆಮಾರಿನ ಹೆಸರು ಹೇಳಿಸುತ್ತಾರೆ, ಅದನ್ನೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಾವು ಏಳೆಂಟು ಜನ ಸೇರಿ ಊರಿನ ಇತಿಹಾಸ, ಮನೆತನಗಳ ವಿವರ ಕೂಡಿಡೋಣ ಅಂತ ಹೊರಟಿದ್ದೇವೆ. ‘ಸುಮ್ನೆ ಯಾರಿಗೆ ಬೇಕು ಅದೆಲ್ಲ’ ಅಂತ ನಗ್ತಾರೆ. ಏನೇನು ಮಾಡಬಹುದು? (ಓದುಗರು, ಸೊರಬ)

ಉತ್ತರ: ನಗುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ತೋರಿಸಿ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೆವು ಅಂತ ತೋರಿಸಬೇಕು. ಆ ನಿಯಮದಲ್ಲಿ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷಿ, ಹಳೆ ಭೂದಾಖಲೆಗೆ ಹೊಂದುವ ವಂಶಾವಳಿಯೂ ಸಾಕ್ಷಿ. ಹಳೆ ಬಾವಿ, ಸುಡುಗಾಡು, ದೇವರ ಬನ ಕೂಡ.

ನಿಮ್ಮ ತಾಲ್ಲೂಕಿನವರಿಗೆ ಒಂದು ಒಳ್ಳೆ ಕೆಲಸ ಇದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಗ್ರಹದ 8ನೇ ಸಂಪುಟದಲ್ಲಿ (1904) ಸೊರಬದ ಶಾಸನಗಳು ನಂಬರು ಹಾಕಿ ಅಚ್ಚಾಗಿವೆ. ಭಾನುವಾರ ಭಾನುವಾರ ಎರಡು ಊರಿಗೆ ಹೋಗಿ, ಯಾವ ಕಲ್ಲು ಇನ್ನೂ ನಿಂತಿದೆ, ಯಾವ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಿದೆ ಅಂತ ಗುರುತು ಮಾಡಿ, ಫೋಟೊ ತೆಗೆಯಿರಿ. ಸುಣ್ಣ, ಬಣ್ಣ ಬಳಿಯಬೇಡಿ ಅಂತ ದೇವಸ್ಥಾನದವರಿಗೂ ಹೇಳಿ, ಕೇಳಿದರೆ ಪುಣ್ಯ. ಮನೆತನಗಳ ವಂಶಾವಳಿ ಹೇಳುತ್ತಾ ಊರೂರು ತಿರುಗುವ ಹೆಳವರು ಬಂದರೆ ಭತ್ತ ಕೊಟ್ಟು ಬೇಗ ಸಾಗಹಾಕಬೇಡಿ, ಮನೆತನದ ಹೆಸರುಗಳನ್ನು ಪೂರ್ತಿ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಚರ್ಚ್ ಇದ್ದರೆ ಅವರ ರಿಜಿಸ್ಟರಲ್ಲಿ ಜ್ಞಾನಸ್ನಾನ, ಮದುವೆ, ಸಾವು ಎಲ್ಲ ಇರುತ್ತದೆ, ವಿನಯವಾಗಿ ಕೇಳಿ ನೋಡಿ.

ಇನ್ನೊಂದು ಮಾತು. ಕಾಗದ ಸಿಗುವುದು ಪಟೇಲರ, ಶಾನುಭೋಗರ ಮನೆಯಲ್ಲಿ. ಗೇಣಿದಾರರ, ಕೂಲಿಯವರ ಮನೆಯಲ್ಲಿ ಚೂರು ಕಾಗದವೂ ಸಿಗಲಿಕ್ಕಿಲ್ಲ. ಆದ್ದರಿಂದ ಮೊದಲು ಹೋಗಬೇಕಾದ್ದು ಅವರ ಮನೆಗೆ. ಪಟೇಲರ ಕಪಾಟು ಕಾಯುತ್ತದೆ.

ಪ್ರಶ್ನೆ: ಅಟ್ಟದ ಮೇಲೆ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕಿದೆ. ಒರೆಸಿ ಲ್ಯಾಮಿನೇಷನ್ ಮಾಡಿಸಲಾ? (ಓದುಗರು, ತೀರ್ಥಹಳ್ಳಿ)

ಉತ್ತರ: ಅಯ್ಯೋ, ಬೇಡ! ಅದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಬಳಪದಲ್ಲಿ ಬರೆದದ್ದು. ಒದ್ದೆ ಬಟ್ಟೆ ತಾಗಿಸಿದರೆ ಸ್ಲೇಟು ಒರೆಸಿದ ಹಾಗೆ. ಅಂಟಿಕೊಂಡ ಮಡಿಕೆಯನ್ನು ಎಳೆಯಬೇಡಿ, ಬಿಡಿಸಿಕೊಳ್ಳುವಷ್ಟನ್ನು ಮಾತ್ರ ಜಗಲಿಯಲ್ಲಿ ಪಕ್ಕದಿಂದ ಬೆಳಕು ಬೀಳುವ ಹಾಗೆ ಇಟ್ಟು ಫೋಟೊ ತೆಗೆಯಿರಿ. ಪ್ಲಾಸ್ಟಿಕ್ ಕವರಲ್ಲೂ ಕಟ್ಟಬೇಡಿ, ನಮ್ಮ ಮಳೆಗಾಲದ ಥಂಡಿಗೆ ಒಳಗೇ ಬೂಸ್ಟು ಹಿಡಿಯುತ್ತದೆ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಸಾಗರದ ಹತ್ರ ಕೆಳದಿ ವಸ್ತುಸಂಗ್ರಹಾಲಯಕ್ಕೆ ಒಯ್ದು ತೋರಿಸಿ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಕಟ್ಟಿದ ಸಂಗ್ರಹ ಅದು, ತಾಳೆಗರಿ, ಕಡತ ಎಲ್ಲ ಅಲ್ಲಿವೆ. ಅಲ್ಲೇ ಬಿಟ್ಟು ಬನ್ನಿ ಅಂತ ನಾನು ಹೇಳುತ್ತಿಲ್ಲ, ಅದು ನಿಮ್ಮ ಮನೆಯವರು ಕೂತು ಮಾತಾಡಿ ತೀರ್ಮಾನಿಸಬೇಕಾದ್ದು.