ನಾಲ್ಕು ವರ್ಷದ ಮಗಳಿಗೆ ಮನೆಯ ಸಾಮಾನಿನಲ್ಲೇ ಏನೇನು ಆಟ ಮಾಡಿಸಬಹುದು?

ನಿಮ್ಮ ಪ್ರಶ್ನೆ ಓದಿ ನಮ್ಮನೆ ಕಥೆಯನ್ನೇ ಓದಿದ ಹಾಗಾಯಿತು. ಮಗಳಿಗೆ 4 ವರ್ಷ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಸಂಜೆಯಾದರೆ ಮೊಬೈಲ್ ಬೇಕು ಅಂತ ಹಟ. ಮುನ್ನೂರು ನಾನೂರು ಕೊಟ್ಟು ಕ್ರಾಫ್ಟ್ ಕಿಟ್ ತಂದರೆ ಹತ್ತೇ ನಿಮಿಷಕ್ಕೆ ಮೂಲೆಗೆ ಬಿಸಾಡುತ್ತಾಳೆ. ದುಡ್ಡು ಖರ್ಚಿಲ್ಲದೆ ಮನೆಯಲ್ಲಿರುವುದರಲ್ಲೇ ಏನು ಮಾಡಿಸಬಹುದು ಅಂತ ಕೇಳಿದ್ದೀರಿ.

ನಾವು ಮೈಸೂರಿನಲ್ಲಿದ್ದೇವೆ. ದೊಡ್ಡವಳಿಗೆ ಈಗ 9, ಚಿಕ್ಕವನಿಗೆ 5. ನಮ್ಮತ್ತೆ ಇರುವುದು ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ ಒಂದು ಹಳ್ಳಿಯಲ್ಲಿ. ನಾನು ಮುಂದೆ ಬರೆಯುವುದರಲ್ಲಿ ಅರ್ಧಕ್ಕರ್ಧ ಅವರಿಂದ ಕಲಿತದ್ದು.

ಮೊದಲು ಕಿಟ್ ವಿಷಯ. ನಾನೂ ಮೂರು ಸಲ ತಂದಿದ್ದೆ. ಪೆಟ್ಟಿಗೆ ಮೇಲೆ ಚಂದದ ಗೂಬೆಯ ಚಿತ್ರ, ಒಳಗೆ ಮೊದಲೇ ಕತ್ತರಿಸಿಟ್ಟ ತುಂಡುಗಳು. ಮಗು ಮಾಡಬೇಕಾದದ್ದು ಒಂದೇ, ಚಿತ್ರದಲ್ಲಿರುವ ಹಾಗೇ ಅಂಟಿಸುವುದು. ಸ್ವಲ್ಪ ಸೊಟ್ಟಗಾದರೆ ತನ್ನದು ಚೆನ್ನಾಗಿಲ್ಲ ಅಂತ ಅದಕ್ಕೂ ಗೊತ್ತಾಗಿಬಿಡುತ್ತದೆ. ಆಮೇಲೆ ಅಂಟಿಸುವ ಕೆಲಸ ನಮ್ಮ ಪಾಲಿಗೆ, ನೋಡುತ್ತಾ ಕೂರುವುದು ಮಗುವಿನ ಪಾಲಿಗೆ. ನಿಮ್ಮ ಮಗಳು ಬಿಸಾಡಿದ್ದರಲ್ಲಿ ಅವಳ ತಪ್ಪೇನೂ ಇಲ್ಲ. ಒತ್ತಿದರೆ ಒತ್ತಿಸಿಕೊಳ್ಳುವ, ಹರಿದರೆ ಹರಿಯುವ, ಕಲಸಿದರೆ ಬಣ್ಣ ಬದಲಾಗುವ ವಸ್ತು ಕೊಡಿ. ಅವಳ ಕೈಯಿಂದ ಏನಾದರೂ ಆಗಬೇಕು. ಹಾಗೆ ಆದರೆ ಅವಳು ಕೂತ ಜಾಗ ಬಿಟ್ಟು ಏಳುವುದಿಲ್ಲ.

ಎಲ್ಲಕ್ಕಿಂತ ಸುಲಭ ಅಂದರೆ ಹಿಟ್ಟು. ಚಪಾತಿಗೆ ಕಲಸುವಾಗ ಒಂದು ನಿಂಬೆಹಣ್ಣಿನಷ್ಟು ತೆಗೆದುಕೊಟ್ಟರೆ ನೀವು ಲಟ್ಟಿಸಿ ಬೇಯಿಸಿ ಮುಗಿಸುವವರೆಗೆ ಸಾಕು. ಮಾಡಿದ್ದನ್ನು ಒಣಗಿಸಿ ಇಟ್ಟುಕೊಳ್ಳಬೇಕು ಅಂದರೆ ಉಪ್ಪಿನ ಹಿಟ್ಟು ಮಾಡಿ. 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, 2 ಚಮಚ ಎಣ್ಣೆ, ಸುಮಾರು 1 ಲೋಟ ನೀರು. ನೀರನ್ನು ಒಂದೇ ಸಲ ಸುರಿಯಬೇಡಿ, ಸ್ವಲ್ಪ ಸ್ವಲ್ಪ ಹಾಕಿ ಪೂರಿ ಹಿಟ್ಟಿನ ಹದಕ್ಕೆ ನಾದಿ. ಅರ್ಧಕ್ಕೆ ಅರಿಶಿನ, ಇನ್ನರ್ಧಕ್ಕೆ ಬೀಟ್‌ರೂಟ್ ರಸ ಹಾಕಿದರೆ ಎರಡು ಬಣ್ಣ ಸಿಗುತ್ತದೆ. ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬರುತ್ತದೆ. ಮಾಡಿದ ಬೊಂಬೆ ಒಣಗಲು ಎರಡು ಮೂರು ದಿನ ಬೇಕು. ಮಳೆಗಾಲದಲ್ಲಿ ಉಪ್ಪು ನೀರೆಳೆದು ಮತ್ತೆ ಮೆತ್ತಗಾಗುತ್ತದೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ತುಂಬಾ ಉಪ್ಪಿರುವುದರಿಂದ ಇದನ್ನು ತಿನ್ನಲು ಮಾತ್ರ ಬಿಡಬಾರದು.

ಹಿಟ್ಟಿನ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ದೊಡ್ಡವಳಿಗೆ ಆಗ ನಿಮ್ಮ ಮಗಳಷ್ಟೇ ವಯಸ್ಸು. ದಸರಾ ಆನೆಗಳ ತಾಲೀಮು ನೋಡಿಕೊಂಡು ಬಂದಿದ್ದೆವು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ನಡೆಸುತ್ತಾರಲ್ಲ, 750 ಕಿಲೋ ಅಂಬಾರಿ ಹೊರುವ ಅಭ್ಯಾಸ ಆಗಲಿ ಅಂತ ಬೆನ್ನ ಮೇಲೆ ಮರಳು ಮೂಟೆ ಹೊರಿಸಿ, ಅದು. ಸಂಜೆ ಹಿಟ್ಟು ಕೊಟ್ಟೆ. ಇವಳು ಆನೆ ಮಾಡಿದಳು. ಹೊಟ್ಟೆ, ಸೊಂಡಿಲು, ಕಾಲು ಎಲ್ಲ ಇತ್ತು. ಆದರೆ ಕಾಲು ಐದು. ನಾನು 'ಆನೆಗೆ ನಾಲ್ಕೇ ಕಾಲು ಪುಟ್ಟಿ' ಅಂದು ಒಂದನ್ನು ಕಿತ್ತೆ. ಅವಳು ಅಳಲಿಲ್ಲ. ಇಡೀ ಆನೆಯನ್ನು ಹಿಸುಕಿ ಉಂಡೆ ಮಾಡಿ ನನ್ನ ಕೈಗಿಟ್ಟು, 'ನೀನೇ ಮಾಡು' ಅಂದಳು. ರಾತ್ರಿ ಪಕ್ಕದಲ್ಲಿ ಮಲಗಿಕೊಂಡಾಗ ಹೇಳಿದಳು, 'ಅದು ಕಾಲಲ್ಲಮ್ಮ. ಮಾವುತ ಹತ್ತೋ ಏಣಿ.'

ಮಾರನೇ ದಿನ ಮತ್ತೆ ಹಿಟ್ಟು ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತೆ. ಆನೆ ಆಯಿತು, ಏಣಿ ಆಯಿತು. ಆಮೇಲೆ ಹಳೇ ಬಟ್ಟೆ ಚೂರು ಕೇಳಿದಳು. ಅದರಲ್ಲಿ ಚಿಟಿಕೆ ಚಿಟಿಕೆ ರಾಗಿ ಕಟ್ಟಿಸಿಕೊಂಡು ಬೆನ್ನ ಮೇಲಿಟ್ಟಳು. ಮರಳು ಮೂಟೆ! ಅವತ್ತಿನಿಂದ ಮಕ್ಕಳ ಕೈಯಲ್ಲಿರುವುದನ್ನು ನಾನು ಮುಟ್ಟುವುದಿಲ್ಲ. 'ಇದೇನು?' ಅಂತಲೂ ಕೇಳುವುದಿಲ್ಲ. 'ಇದರ ಬಗ್ಗೆ ಹೇಳು' ಅನ್ನುತ್ತೇನೆ. ನೀವೂ ಹೀಗೆ ಮಾಡಿ ನೋಡಿ, ಮಗು ಎಷ್ಟು ಮಾತಾಡುತ್ತದೆ ಅಂತ ಗೊತ್ತಾಗುತ್ತದೆ.

ಇನ್ನೊಂದು, ಇದು ನಮ್ಮನೆಯಲ್ಲಿ ಎಲ್ಲರಿಗೂ ಇಷ್ಟ. ಒಂದು ಚಮಚ ಅರಿಶಿನಕ್ಕೆ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ. ಹತ್ತಿಯಲ್ಲಿ ಅದ್ದಿ ಬಿಳಿ ಹಾಳೆಗೆ ಪೂರ್ತಿ ಬಳಿಯಿರಿ. ಈ ಕೆಲಸವನ್ನೂ ಮಗುವೇ ಮಾಡಲಿ. ಫ್ಯಾನಿನ ಕೆಳಗೆ ಒಣಗಿಸಿ. ಒಣಗಿದ ಮೇಲೆ ಬಟ್ಟೆ ಸೋಪನ್ನು ಸ್ವಲ್ಪ ನೀರಿನಲ್ಲಿ ಕದಡಿ, ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿ ಹಾಳೆಯ ಮೇಲೆ ಗೆರೆ ಎಳೆಯಲು ಹೇಳಿ. ನೀರಿನಂಥ ನೀರು, ಹಳದಿ ಹಾಳೆ, ಆದರೆ ಗೆರೆ ಕೆಂಪಗೆ ಮೂಡುತ್ತದೆ. ಮೊದಲ ಸಲ ನಮ್ಮ ಚಿಕ್ಕವನು ಹೆದರಿ ಕೈ ಹಿಂದಕ್ಕೆಳೆದುಕೊಂಡ. 'ಅಮ್ಮಾ, ರಕ್ತ!' ಅಲ್ಲೇ ಕೂತು ಹೂ ಕಟ್ಟುತ್ತಿದ್ದ ನಮ್ಮತ್ತೆ, 'ರಕ್ತ ಅಲ್ಲ ಕಣಪ್ಪ, ಓಕ್ಳಿ ಅದು. ಆರತಿ ತಟ್ಟೇಲಿ ನೋಡಿಲ್ವಾ?' ಅಂದರು.

ನನಗೆ ಅಷ್ಟು ವರ್ಷ ಹೊಳೆದೇ ಇರಲಿಲ್ಲ. ಮದುವೆ, ಬಾಣಂತನ ಅಂತ ಎಷ್ಟು ಸಲ ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿ ನೀರು ಕೆಂಪು ಮಾಡಿಲ್ಲ ನಾವು! ಇದೂ ಅದೇ. ಸುಣ್ಣ, ಸೋಪು, ಅಡುಗೆ ಸೋಡಾ ಎಲ್ಲ ಕ್ಷಾರ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಆ ಕೆಂಪು ಗೆರೆಯ ಮೇಲೆ ನಿಂಬೆರಸ ಮುಟ್ಟಿಸಿದರೆ ಮತ್ತೆ ಹಳದಿ. ನಮ್ಮವನು ಒಂದೇ ಹಾಳೆಯನ್ನು ಮುಕ್ಕಾಲು ಗಂಟೆ ಕೆಂಪು ಮಾಡಿದ, ಹಳದಿ ಮಾಡಿದ, ಹಾಳೆ ತೂತು ಬೀಳುವವರೆಗೆ ಬಿಡಲಿಲ್ಲ. ಸುಣ್ಣವನ್ನು ಮಾತ್ರ ಮಗುವಿನ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಸೋಪಿನ ನೀರು ಸಾಕು, ಅದೂ ಕಣ್ಣಿಗೆ ಹೋಗದ ಹಾಗೆ ಪಕ್ಕದಲ್ಲೇ ಕೂತಿರಿ. ಕೆಳಗೆ ಹಳೇ ಪೇಪರ್ ಹಾಸಿ, ಹಳೇ ಬಟ್ಟೆ ಹಾಕಿಸಿ. ಅರಿಶಿನದ ಕಲೆ ಬೇಗ ಹೋಗುವುದಿಲ್ಲ.

ಬೆಂಡೆಕಾಯಿ ಹೆಚ್ಚುವಾಗ ತೊಟ್ಟಿನ ಕಡೆಯ ತುಂಡು ಎಸೆಯಬೇಡಿ. ಬಣ್ಣದಲ್ಲಿ ಅದ್ದಿ ಒತ್ತಿದರೆ ಐದು ಮೂಲೆಯ ಹೂವು ಬರುತ್ತದೆ. ಅರ್ಧ ಈರುಳ್ಳಿಯಲ್ಲಿ ಸುತ್ತು ಸುತ್ತಾಗಿ ಬರುತ್ತದೆ. ಬಣ್ಣಕ್ಕೆ ಬೀಟ್‌ರೂಟ್ ರಸವೋ ಗಟ್ಟಿ ಕಾಫಿ ಡಿಕಾಕ್ಷನ್ನೋ ಆದೀತು. ಇದರಲ್ಲಿ ಹೇಳಿಕೊಡುವುದು ಏನೂ ಇಲ್ಲ.

ಪೇಪರ್ ಹರಿಯುವುದನ್ನೂ ಆಟ ಅಂತಲೇ ತಿಳಿಯಿರಿ. ಕತ್ತರಿಗೆ ಮೊದಲು ಹರಿಯಲು ಬಿಡಬೇಕು. ಎರಡು ಕೈಯ ಬೆರಳು ಸೇರಿಸಿ ಹಿಡಿದು ಎಳೆಯುವಾಗ ಬೆರಳಿಗೆ ಬಲ ಬರುತ್ತದೆ. ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದದ್ದು ಅದೇ ಬಲ. ಅಂಟಿಸಲು ಅಂಗಡಿ ಗಮ್ ಬೇಡ. ಒಂದು ಚಮಚ ಮೈದಾವನ್ನು ಅರ್ಧ ಲೋಟ ನೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸಿ, ಗಂಜಿಯ ಹಾಗೆ ಆದಾಗ ಇಳಿಸಿ. ತಣ್ಣಗಾದ ಮೇಲೆ ಬೆರಳಿನಲ್ಲೇ ಸವರಲಿ.

ಊರಿಗೆ ಹೋದರೆ ನಮ್ಮತ್ತೆ ತೆಂಗಿನ ಗರಿಯಲ್ಲಿ ವಾಚು, ಕನ್ನಡಕ, ಪೀಪಿ, ಗಿರಗಿಟ್ಲೆ ಎಲ್ಲ ಮಾಡಿಕೊಡುತ್ತಾರೆ. ಪರಂಗಿ ಎಲೆಯ ದಂಟು ಒಳಗೆ ಟೊಳ್ಳು ಅಲ್ವಾ, ಅದನ್ನು ಗೇಣುದ್ದ ಕತ್ತರಿಸಿ ಸೋಪಿನ ನೀರಿನಲ್ಲಿ ಅದ್ದಿ ಊದಿದರೆ ದೊಡ್ಡ ದೊಡ್ಡ ಗುಳ್ಳೆ. ಹಸಿ ದಂಟಿನ ಹಾಲು ಬಾಯಿಗೆ ತಾಗಿದರೆ ಉರಿಯುತ್ತದೆ, ಚೆನ್ನಾಗಿ ತೊಳೆದು ಒಂದು ದಿನ ಒಣಗಿಸಿಯೇ ಕೊಡಿ. ಊದುವುದು ಮಾತ್ರ, ಹೀರಬಾರದು ಅಂತ ಮೊದಲೇ ಬರಿಯ ನೀರಿನಲ್ಲಿ ಅಭ್ಯಾಸ ಮಾಡಿಸಿ.

ಹುಣಸೆ ಹಣ್ಣು ಬಿಡಿಸುವ ಕಾಲದಲ್ಲಿ ಬೀಜ ಎತ್ತಿಟ್ಟುಕೊಳ್ಳಿ. ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿದರೆ ಬೆಳ್ಳಗಾಗುತ್ತದೆ. ಅಂಥ ನಾಲ್ಕು ಬೀಜ ಇದ್ದರೆ ಚೌಕಾಬಾರಕ್ಕೆ ಕವಡೆ ಬೇಡ. 4 ವರ್ಷಕ್ಕೆ ಆಟದ ಕಟ್ಟು ಪೂರ್ತಿ ತಿಳಿಯುವುದಿಲ್ಲ. ಬೀಜ ಎರಚಿ ಬಿಳಿ ಎಷ್ಟು, ಕಪ್ಪು ಎಷ್ಟು ಅಂತ ಎಣಿಸಲಿ, ಅಷ್ಟೇ ಸಾಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ 8. ಐದು ಐದು ಮನೆಯ ಚೌಕವನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದುಕೊಂಡು ಮುಂದಿನ ವರ್ಷ ಆಡಬಹುದು. ನಮ್ಮ ಮೈಸೂರಿಗೂ ಈ ಮಣೆಯಾಟಗಳಿಗೂ ಹಳೇ ನಂಟು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇವು ಅಂದರೆ ಪ್ರಾಣ. ಮೃಗಾಲಯದ ಹತ್ತಿರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಅಂತ ಇಂಥ ಆಟಗಳ ಪ್ರದರ್ಶನ ಮಾಡುತ್ತಾ ಬಂದಿದ್ದಾರೆ. ಅದು ನಡೆಯುವಾಗ ಮಗಳನ್ನು ಖಂಡಿತ ಕರೆದುಕೊಂಡು ಹೋಗಿ.

ಒಂದು ಎಚ್ಚರ. ಮನೆಯಲ್ಲಿ 3 ವರ್ಷದೊಳಗಿನ ಮಗು ಇದ್ದರೆ ಹುಣಸೆ ಬೀಜ, ಕಡಲೆಕಾಳು, ಮಣಿ, ಗುಂಡಿ ಯಾವುದನ್ನೂ ನೆಲದ ಮೇಲೆ ಬಿಡಬೇಡಿ. ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತವೆ. ಆಟ ಮುಗಿದ ಮೇಲೆ ಬೀಜ ಎಣಿಸಿಯೇ ಡಬ್ಬಿಗೆ ಹಾಕುವುದು ನಮ್ಮನೆಯ ರೂಢಿ, ಎಣಿಸುವುದೂ ಮಕ್ಕಳೇ.

ಮೊಬೈಲ್ ವಿಷಯ ಕೇಳಿದ್ದೀರಿ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ಕೈಯಿಂದ ಕಿತ್ತುಕೊಂಡರೆ ರಂಪ ಆಗುವುದು ಗ್ಯಾರಂಟಿ. ನಾನು ಮಾಡಿದ್ದು ಇಷ್ಟೇ. ಕೆಲಸದಿಂದ ಬಂದ ತಕ್ಷಣ ಕಾಫಿಗೂ ಮೊದಲು 20 ನಿಮಿಷ ಮಕ್ಕಳ ಜೊತೆ ನೆಲದ ಮೇಲೆ ಕೂರುವುದು. ಆಮೇಲೆ ನಾನು ಅಡುಗೆಮನೆಗೆ ಹೋದರೂ ಅವರು ಆಟ ಮುಂದುವರಿಸುತ್ತಾರೆ. ಮೊದಲ ಒಂದು ವಾರ ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅವರೇ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿರುತ್ತಿದ್ದರು.

ಎಲ್ಲಿಂದ ಶುರು ಮಾಡಲಿ ಅಂದರೆ ಕರಟದಿಂದ ಮಾಡಿ. ನವರಾತ್ರಿಗೆ ಬೊಂಬೆ ಕೂರಿಸುವಾಗ ಮುಂದೆ ಪಾರ್ಕು ಮಾಡಲು ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸುತ್ತೇವಲ್ಲ, ಅದನ್ನೇ ಕರಟದಲ್ಲಿ ಮಾಡುವುದು. ರಾತ್ರಿ ಒಂದು ಹಿಡಿ ರಾಗಿ ನೆನೆಸಿಡಿ. ಬೆಳಿಗ್ಗೆ ಕರಟಕ್ಕೆ ಮಣ್ಣು ತುಂಬಿ, ಹೊರಗಡೆ ಸೀಮೆಸುಣ್ಣದಲ್ಲಿ ಕಣ್ಣು, ಮೂಗು, ಬಾಯಿ ಅವಳೇ ಬರೆಯಲಿ. ಮೂಗು ಹಣೆಯ ಮೇಲೆ ಬಂದರೂ ಇರಲಿ. ಮೇಲೆ ರಾಗಿ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ, ಕಿಟಕಿಯ ಹತ್ತಿರ ಇಟ್ಟು ದಿನಾ ಬೆಳಿಗ್ಗೆ ಸಂಜೆ ಕೈಯಿಂದ ನೀರು ಚಿಮುಕಿಸಲಿ. ಎರಡು ಮೂರು ದಿನಕ್ಕೆ ಮೊಳಕೆ ಏಳುತ್ತದೆ, ಎಂಟು ಹತ್ತು ದಿನಕ್ಕೆ ತಲೆತುಂಬ ಹಸಿರು ಕೂದಲು. ಅವತ್ತು ಮೊಂಡು ತುದಿಯ ಕತ್ತರಿ ಕೊಟ್ಟು ಕಟಿಂಗ್ ಶಾಪ್ ಆಟ ಆಡಿಸಿ. ಕತ್ತರಿಸಿದಷ್ಟೂ ಸ್ವಲ್ಪ ಮತ್ತೆ ಬೆಳೆಯುತ್ತದೆ. ನಮ್ಮ ಚಿಕ್ಕವನು ತನ್ನ ಕರಟಕ್ಕೆ ಅಜ್ಜನ ಹೆಸರಿಟ್ಟು, ಅಜ್ಜನಿಗೇ ಫೋನ್ ಮಾಡಿ, 'ತಾತ, ನಿಂಗೆ ಕೂದಲು ಬಂತು' ಅಂತ ಹೇಳಿದ್ದ.