ಸೊಂಟದ ಕೀಲಿನ ರಾಡ್‌ಗೆ ಹಾಕಿದ ಕೋಟಿಂಗ್ ಮೈಯೊಳಗೆ ಕಿತ್ತು ಬರುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ತಾಯಿಯವರನ್ನು ಚಿತ್ರದುರ್ಗದಿಂದ ದಾವಣಗೆರೆಗೆ ಸೊಂಟದ ಕೀಲಿನ ಆಪರೇಷನ್‌ಗೆ ಕರೆತರುತ್ತಿದ್ದೀರಿ. ಎಲುಬಿಗೆ ಅಂಟಿಸುವ ಸಿಮೆಂಟ್ ಇಲ್ಲದೆ, ಎಲುಬಿನಂಥ ಖನಿಜದ ಕೋಟಿಂಗ್ ಇರುವ ಟೈಟಾನಿಯಂ ರಾಡನ್ನು ತೊಡೆ ಎಲುಬಿನೊಳಗೆ ಹಾಕುತ್ತಾರಂತೆ. ಅದು ಒಳಗೆ ಕಿತ್ತು ಬಂದರೆ ಏನು ಗತಿ ಅನ್ನೋದು ನಿಮ್ಮ ಭಯ. ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಮೆಟೀರಿಯಲ್ಸ್ ಪಾಠ ಮಾಡುತ್ತೇನೆ. ಕೋಟಿಂಗ್ ಎಷ್ಟು ಗಟ್ಟಿಯಾಗಿ ಹಿಡಿದಿದೆ ಅಂತ ಎಳೆದು ನೋಡುವುದು ನನ್ನ ಕೆಲಸ.

ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. ನಮ್ಮ ಎಲುಬಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳದ್ದೇ. 1985ರಲ್ಲಿ ಲಂಡನ್ನಿನ ಸರ್ಜನ್ ರೊನಾಲ್ಡ್ ಫರ್ಲಾಂಗ್ ಇಂಥ ಕೋಟಿಂಗ್ ಇರುವ ಸೊಂಟದ ಕೀಲನ್ನು ಹಾಕಿದರು. ಹಾಗಾಗಿ ಇದು ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ.

ಹೆಚ್ಚಾಗಿ ಇದನ್ನು ಪ್ಲಾಸ್ಮಾ ಸ್ಪ್ರೇ ಮಾಡುತ್ತಾರೆ. 10,000 ಡಿಗ್ರಿ ದಾಟುವ ಜ್ವಾಲೆಯಲ್ಲಿ ಪುಡಿ ಕರಗಿ, ಹನಿಹನಿಯಾಗಿ ಲೋಹಕ್ಕೆ ಅಪ್ಪಳಿಸಿ ಅಂಟುತ್ತದೆ. ಅಂಟುವುದು ರಾಸಾಯನಿಕ ಬಂಧದಿಂದ ಅನ್ನೋದಕ್ಕಿಂತ ಲೋಹದ ಒರಟುತನದಿಂದ. ನಯವಾದ ಕಾಂಕ್ರೀಟ್ ಪಿಲ್ಲರ್‌ಗೆ ಗಾರೆಯವರು ಮೊದಲು ಕಚ್ಚು ಹೊಡೆದು ಆಮೇಲೆ ಪ್ಲಾಸ್ಟರ್ ಮಾಡುತ್ತಾರಲ್ವಾ, ಅದೇ ಲೆಕ್ಕ. ಇಲ್ಲಿ ಆ ಕೆಲಸವನ್ನು ಅಲ್ಯೂಮಿನಾ ಎಂಬ ಗಡಸು ವಸ್ತುವಿನ ಹರಳುಗಳನ್ನು ರಭಸದಿಂದ ಹೊಡೆದು ಮಾಡುತ್ತಾರೆ.

ದಪ್ಪ ಜಾಸ್ತಿಯಾದರೆ ಗಟ್ಟಿ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ 50ರಿಂದ 200 ಮೈಕ್ರಾನ್ ಇರುತ್ತದೆ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ತಣ್ಣಗಾಗುವಾಗ ಖನಿಜ ಲೋಹಕ್ಕಿಂತ ಜಾಸ್ತಿ ಕುಗ್ಗುತ್ತದೆ. ಪದರ ದಪ್ಪವಾದಷ್ಟೂ ಒಳಗಿನ ಸೆಳೆತ ಏರಿ, ಬಿರುಕು ಬಿಡುವ ಸಂಭವ ಹೆಚ್ಚು.

ಪರೀಕ್ಷೆ ಹೀಗಿದೆ. ಸುಮಾರು ಒಂದು ಇಂಚಿನ ಬಿಲ್ಲೆಗೆ ಕೋಟಿಂಗ್ ಹಾಕಿ, ಅದರ ಮೇಲೆ ಇನ್ನೊಂದು ಲೋಹದ ತುಂಡನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಅಂಟಿಸಿ, ಎರಡನ್ನೂ ಮಷೀನಿಗೆ ಕಚ್ಚಿಸಿ ನೇರಕ್ಕೆ ಎಳೆಯುತ್ತೇವೆ. ಐಎಸ್‌ಒ 13779 ಮಾನದಂಡ ಕೇಳುವುದು ಕನಿಷ್ಠ 15 ಮೆಗಾಪಾಸ್ಕಲ್. ಅಂದರೆ ಆ ಪುಟ್ಟ ಬಿಲ್ಲೆಗೆ ಏಳೂವರೆ ಕ್ವಿಂಟಾಲ್ ಎಳೆತ! ಆದರೆ ನನ್ನ ಕಣ್ಣು ಹೋಗುವುದು ಸಂಖ್ಯೆಗಿಂತ ಮೊದಲು ಕಿತ್ತ ಮುಖದ ಮೇಲೆ. ಎರಡೂ ಕಡೆ ಬಿಳಿ ಇದ್ದರೆ ಪದರ ನಡುವೆ ಹರಿದಿದೆ, ಲೋಹವನ್ನು ಬಿಟ್ಟಿಲ್ಲ. ಒಂದು ಕಡೆ ಬೂದು ಲೋಹ ಬೋಳಾಗಿ ಕಂಡರೆ ಹಿಡಿತವೇ ಸೋತಿದೆ ಅಂತ ಅರ್ಥ. ಪದರದಲ್ಲಿ ತೂತುಗಳು ಜಾಸ್ತಿಯಿದ್ದರೆ ಎಪಾಕ್ಸಿ ಒಳಗಿಳಿದು ಲೋಹವನ್ನೇ ಹಿಡಿದುಬಿಡುತ್ತದೆ. ಆಗ ಸುಮ್ನೆ ದೊಡ್ಡ ಸಂಖ್ಯೆ ಬರುತ್ತದೆ, ನಂಬುವ ಹಾಗಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಲೋಹಕ್ಕೆ ಮೊದಲು ತಾಗಿದ ಹನಿಗಳು ತಟ್ಟನೆ ತಣ್ಣಗಾಗಿ, ಹರಳಾಗದೆ ಗಾಜಿನಂತೆ ಉಳಿಯುತ್ತವೆ. ದೇಹದ ದ್ರವದಲ್ಲಿ ಆ ಭಾಗ ಬೇಗ ಕರಗುತ್ತದೆ. ಒಣಗಿದ್ದಾಗ ಗಟ್ಟಿಯಿದ್ದದ್ದು ನೆನೆದ ಮೇಲೆ ಸಡಿಲವಾಗುವುದು ಹೀಗೆ. ಹರಳಿನ ಪ್ರಮಾಣವನ್ನೂ ಅಳೆಯುವುದು ಇದಕ್ಕೇ.

ಈಗ ನಿಮ್ಮ ಭಯದ ವಿಷಯ. ಕೋಟಿಂಗ್ ಕಿತ್ತು ಬಂದ ಉದಾಹರಣೆಗಳು ಇವೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಜೀವಮಾನವಿಡೀ ಉಳಿಯಲೇಬೇಕು ಅಂತೇನಿಲ್ಲ. ಎಲುಬು ಬೆಳೆದು ರಾಡನ್ನು ಹಿಡಿಯುವ ತನಕ ಅದು ಕಚ್ಚಿಕೊಂಡಿರಬೇಕು. ಆಮೇಲೆ ನಿಧಾನವಾಗಿ ಕರಗಿದರೂ, ಕೆಳಗಿನ ಒರಟು ಟೈಟಾನಿಯಂಗೇ ಎಲುಬು ಅಂಟಿಕೊಳ್ಳಬಲ್ಲದು.

ಹಾಗಾಗಿ ಮೊದಲ ತಿಂಗಳುಗಳೇ ಮುಖ್ಯ. ಎಲುಬಿನೊಳಗೆ ರಾಡ್ ಸುಮಾರು 150 ಮೈಕ್ರಾನ್‌ಗಿಂತ ಜಾಸ್ತಿ ಅಲುಗಾಡುತ್ತಿದ್ದರೆ ಎಲುಬಿನ ಬದಲು ನಾರಿನ ಪದರ ಬೆಳೆಯುತ್ತದೆ. ಆ ಕಾಲಿನ ಮೇಲೆ ಯಾವಾಗಿಂದ ಪೂರ್ತಿ ಭಾರ ಹಾಕಬಹುದು, ವಾಕರ್ ಎಷ್ಟು ವಾರ ಬೇಕು ಅಂತ ಡಾಕ್ಟರನ್ನು ಬಿಡಿಸಿ ಕೇಳಿ. ನೋವಿಲ್ಲ ಅಂತ ತಾಯಿಯವರು ಮೊದಲೇ ವಾಕರ್ ಬಿಡದಂತೆ ನೋಡಿಕೊಳ್ಳಿ.