ಎಂಆರ್‌ಐ ನೋಡುತ್ತಲೇ ಪ್ರೋಟಾನ್ ಚಿಕಿತ್ಸೆ ಕೊಡಲು ಆಗುತ್ತಾ?

ನೀವು ಕೇಳಿದ್ದು: ಕಲಬುರಗಿಯಲ್ಲಿರುವ ನಿಮ್ಮ ಕಾಕಾಗೆ ಲಿವರ್ ಕ್ಯಾನ್ಸರ್, ಎಂಆರ್‌ಐ ನೋಡುತ್ತಲೇ ಪ್ರೋಟಾನ್ ಚಿಕಿತ್ಸೆ (ಪ್ರೋಟಾನ್ ಎಂಬ ಸೂಕ್ಷ್ಮ ಕಣಗಳಿಂದ ಗೆಡ್ಡೆಗೆ ಕೊಡುವ ರೇಡಿಯೇಶನ್) ಕೊಡುವುದು ಎಲ್ಲಿ ಅಂತ. ಸದ್ಯಕ್ಕೆ ಅದು ಸಂಶೋಧನೆಯ ಹಂತದಲ್ಲಿದೆ. ಅದಕ್ಕಾಗಿ ಕಾಯಬೇಡಿ.

ಮಾಮೂಲಿ ರೇಡಿಯೇಶನ್‌ನ ಎಕ್ಸ್‌ರೇ ಗೆಡ್ಡೆಯನ್ನು ದಾಟಿ ಆಚೆಗೂ ಹೋಗುತ್ತದೆ. ಪ್ರೋಟಾನ್ ಹಾಗಲ್ಲ. ಶರಣಬಸವೇಶ್ವರ ಜಾತ್ರೆಗೆ ಹೊರಟವರು ದಾರಿಯಲ್ಲಿ ಕೈ ಬಿಗಿ ಹಿಡಿದು, ಜಾತ್ರೆಯಲ್ಲಿ ಜೇಬು ಖಾಲಿ ಮಾಡಿದ ಹಾಗೆ, ಅದು ಹೆಚ್ಚಿನ ಶಕ್ತಿಯನ್ನು ಕೊನೆಯಲ್ಲಿ ಸುರಿದು ಅಲ್ಲೇ ನಿಲ್ಲುತ್ತದೆ. ಆದರೆ ಉಸಿರಾಡಿದಾಗ ಲಿವರ್ ಮೇಲೆ ಕೆಳಗೆ ಸರಿಯುತ್ತದೆ ಅಲ್ವಾ? ಆಗ ಗುರಿ ತಪ್ಪಿದರೆ ಪೆಟ್ಟು ಒಳ್ಳೆಯ ಭಾಗಕ್ಕೆ. ಅದಕ್ಕೇ ಚಿಕಿತ್ಸೆ ನಡೆಯುವಾಗಲೇ ಗೆಡ್ಡೆಯನ್ನು ನೋಡಬೇಕು. ಮೆತ್ತಗಿನ ಅಂಗಗಳನ್ನು ಎಂಆರ್‌ಐ ಚೆನ್ನಾಗಿ ತೋರಿಸುತ್ತದೆ, ಅದರಿಂದ ರೇಡಿಯೇಶನ್ ಕೂಡ ಇಲ್ಲ.

ತೊಡಕು ಎಂದರೆ ಎಂಆರ್‌ಐ ಒಂದು ದೊಡ್ಡ ಅಯಸ್ಕಾಂತ. ಪ್ರೋಟಾನ್‌ಗೆ ವಿದ್ಯುತ್ ಚಾರ್ಜ್ ಇದೆ, ಹಾಗಾಗಿ ಅದರ ದಾರಿ ಬಾಗುತ್ತದೆ. ಎಷ್ಟು ಬಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಬೇಕು. ಇತ್ತ ಪ್ರೋಟಾನ್ ಯಂತ್ರದ ಅಯಸ್ಕಾಂತಗಳು ಎಂಆರ್‌ಐ ಚಿತ್ರವನ್ನೇ ಕೆಡಿಸಬಹುದು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 2024ರಲ್ಲಿ ಎರಡನ್ನೂ ಜೋಡಿಸಿದ ಪ್ರಾಯೋಗಿಕ ಯಂತ್ರ ಶುರುವಾಯಿತು. (ಎಕ್ಸ್‌ರೇ ಜೊತೆ ಎಂಆರ್‌ಐ ಜೋಡಿಸಿದ ಯಂತ್ರಗಳು ಮಾತ್ರ ಈಗಾಗಲೇ ಆಸ್ಪತ್ರೆಗಳಲ್ಲಿವೆ.)

ಬರೀ ಪ್ರೋಟಾನ್ ಸಾಕೆಂದರೆ ಚೆನ್ನೈನ ಅಪೋಲೋದಲ್ಲಿ 2019ರಿಂದ ಇದೆ, ನವಿ ಮುಂಬೈನ ಟಾಟಾ ಮೆಮೋರಿಯಲ್ ಕೇಂದ್ರದಲ್ಲೂ ಇದೆ. ಕಲಬುರಗಿ ಮುಂಬೈ-ಚೆನ್ನೈ ರೈಲು ದಾರಿಯಲ್ಲೇ ಇರುವುದು ಒಂದು ಅನುಕೂಲ. ಆದರೆ ಎಲ್ಲ ಗೆಡ್ಡೆಗೂ ಪ್ರೋಟಾನ್ ಬೇಕಿಲ್ಲ, ಖರ್ಚೂ ಜಾಸ್ತಿ. ಸುಮ್ನೆ ಟಿಕೆಟ್ ತೆಗೆಯುವ ಮೊದಲು ರಿಪೋರ್ಟ್‌ಗಳನ್ನು ಊರಲ್ಲೇ ಇರುವ ಕಿದ್ವಾಯಿ ಕೇಂದ್ರದಲ್ಲಿ ತೋರಿಸಿ.